ಅರಳುಮರಳೆಂದು ಕಡೆಗಣಿಸಬೇಡಿ

‘ಅರವತ್ತಕ್ಕೆ ಅರಳುಮರಳು’ ಎಂಬ ಮಾತು ನಮ್ಮ ಮನೆಗಳಲ್ಲಿ ಬೇರೂರಿರುವುದರಿಂದ, ಹಿರಿಯರ ಮರೆವು ಮಿತಿಮೀರಿದಾಗಲೂ ಅದನ್ನು ವಯೋಧರ್ಮವೆಂದೇ ಬಗೆದು ಸುಮ್ಮನಾಗುತ್ತೇವೆ. ನೆಂಟರ ಹೆಸರು ತಡವಾಗಿ ಹೊಳೆಯುವುದು ವಯೋಧರ್ಮ. ಆದರೆ ಉಂಡು ಕೈತೊಳೆದ ಮೇಲೆ ‘ನನಗಿನ್ನೂ ಊಟ ಹಾಕಿಲ್ಲ’ ಎನ್ನುವುದು, ದಿನವೂ ನಡೆದಾಡಿದ ಓಣಿಯಲ್ಲಿ ದಾರಿ ತಪ್ಪುವುದು, ಇವು ಪದೇ ಪದೇ ಕಂಡುಬಂದರೆ ಕಾಯಿಲೆಯ ಸೂಚನೆಗಳಾಗಬಹುದು. ವೈದ್ಯರು ಇದನ್ನು ಡಿಮೆನ್ಷಿಯಾ ಎನ್ನುತ್ತಾರೆ. 2023ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅಂದಾಜಿನಂತೆ ಭಾರತದಲ್ಲಿ ಅರವತ್ತು ದಾಟಿದ ಸುಮಾರು 88 ಲಕ್ಷ ಮಂದಿಗೆ ಈ ತೊಂದರೆಯಿದೆ.

ಮೊದಲು ವೈದ್ಯರಿಗೆ ತೋರಿಸಬೇಕು. ಥೈರಾಯಿಡ್ ದೋಷ, ಬಿ-12 ಜೀವಸತ್ವದ ಕೊರತೆ, ಮನಸ್ಸಿನ ಖಿನ್ನತೆ, ಕೆಲವು ಔಷಧಗಳು ಕೂಡ ಮರೆವನ್ನು ತರುತ್ತವೆ, ಇವುಗಳಿಗೆ ಚಿಕಿತ್ಸೆಯುಂಟು. ಒಂದೆರಡು ದಿನಗಳಲ್ಲೇ ಹಠಾತ್ತನೆ ಬುದ್ಧಿ ಕಲಕಿದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಗಡಿನಾಡಿನ ನಾವು ಇಲ್ಲಿ ಒಂದು ವಿಷಯವನ್ನು ನೆನಪಿಡಬೇಕು. ನೆನಪಿನ ಪರೀಕ್ಷೆಯಲ್ಲಿ ‘ಇದು ಯಾವ ಜಿಲ್ಲೆ? ಯಾವ ರಾಜ್ಯ?’ ಎಂದು ಕೇಳುವ ವಾಡಿಕೆಯಿದೆ. ಉಂಡವಳ್ಳಿಯ ಎಂಬತ್ತು ದಾಟಿದ ಅಜ್ಜನೊಬ್ಬ ‘ರಾಯಚೂರು ಜಿಲ್ಲೆ’ ಎಂದರೆ ಅದು ಬಡಬಡಿಕೆಯಲ್ಲ, ಬಾಲ್ಯದ ನೆನಪು. ಆಲಂಪುರ ಮತ್ತು ಗದ್ವಾಲ ತಾಲ್ಲೂಕುಗಳು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ರಾಯಚೂರು ಜಿಲ್ಲೆಯಲ್ಲೇ ಇದ್ದವು. ಆಗ ಅವು ಆಂಧ್ರಪ್ರದೇಶದ ಮಹಬೂಬನಗರ ಜಿಲ್ಲೆಗೆ ಸೇರಿದವು; 2014ರಲ್ಲಿ ತೆಲಂಗಾಣ ರಾಜ್ಯವಾಯಿತು; 2016ರಲ್ಲಿ ಜೋಗುಳಾಂಬ ಗದ್ವಾಲ ಜಿಲ್ಲೆಯಾಯಿತು. ಈ ಕಾಯಿಲೆಯಲ್ಲಿ ಸಾಮಾನ್ಯವಾಗಿ ಹೊಸ ನೆನಪು ಮೊದಲು ಅಳಿಯುತ್ತದೆ. ಎಳವೆಯದು ಬಹುಕಾಲ ಉಳಿಯುತ್ತದೆ. ಹಲವರಲ್ಲಿ ಭಾಷೆಯ ಗತಿಯೂ ಹೀಗೆಯೇ. ಸಂತೆಯಲ್ಲಿ, ಕಚೇರಿಯಲ್ಲಿ ಬಳಸಿದ ತೆಲುಗು ಉರ್ದುಗಳು ಜಾರಿ, ತಾಯಿಯಿಂದ ಕಲಿತ ಕನ್ನಡವೊಂದೇ ನಿಲ್ಲಬಹುದು. ಆದುದರಿಂದ ವೈದ್ಯರ ಪ್ರಶ್ನೆಯನ್ನು ಕನ್ನಡದಲ್ಲಿ ತಿಳಿಸಬಲ್ಲವರೊಬ್ಬರು ಜೊತೆಗಿರಲಿ. ಆದರೆ ಉತ್ತರವನ್ನು ಹೇಳಿಕೊಡಬಾರದು.

ಮನೆಯಲ್ಲಿಯೂ ಅವರೊಡನೆ ಕನ್ನಡದಲ್ಲೇ, ಚಿಕ್ಕ ಚಿಕ್ಕ ಮಾತುಗಳಲ್ಲಿ ಮಾತನಾಡಿರಿ. ತೆಲುಗು ಶಾಲೆಗೆ ಹೋಗುವ ಮೊಮ್ಮಕ್ಕಳಿಗೆ ‘ನೀರು ಬೇಕೇನು?’, ‘ಎಲ್ಲಿ ನೋವು?’ ಎಂಬಷ್ಟಾದರೂ ಕಲಿಸಿರಿ. ತಮ್ಮ ಮನೆಯಲ್ಲೇ ಕುಳಿತು ‘ಮನೆಗೆ ಹೋಗಬೇಕು’ ಎಂದು ಹಟಹಿಡಿದರೆ ವಾದಿಸಬೇಡಿ. ಆ ಮನೆಯ ಸುದ್ದಿ ಕೇಳಿರಿ, ಅಂಗಳದಲ್ಲಿ ನಾಲ್ಕು ಹೆಜ್ಜೆ ನಡೆಸಿರಿ. ಸ್ನಾನ, ಊಟ, ನಿದ್ರೆ ದಿನವೂ ಒಂದೇ ಹೊತ್ತಿಗೆ ನಡೆಯಲಿ. ರಾತ್ರಿ ಬಚ್ಚಲ ದಾರಿಯಲ್ಲಿ ಸಣ್ಣ ದೀಪವಿರಲಿ. ಮಾತ್ರೆಗಳು ಬೀಗದೊಳಗಿರಲಿ. ಹೆಸರು, ಊರು, ದೂರವಾಣಿ ಸಂಖ್ಯೆಗಳ ಚೀಟಿಯನ್ನು ಅಂಗಿಯ ಕಿಸೆಯಲ್ಲಿಡಿ. ಕನ್ನಡದ ಜೊತೆಗೆ ತೆಲುಗಿನಲ್ಲಿಯೂ ಬರೆಯಿರಿ. ದಾರಿ ತಪ್ಪಿ ಹೊಳೆ ದಾಟಿ ಕರ್ನೂಲಿನಲ್ಲಿ ನಿಂತವರನ್ನು ವಿಚಾರಿಸುವವರು ಕನ್ನಡ ಬಲ್ಲವರಾಗಿರಲಾರರು.

ಎಲ್ಲಕ್ಕಿಂತ ಕಠಿನವಾದುದು ಸಂಶಯ. ‘ಸೊಸೆ ನನ್ನ ಹಣ ಕದ್ದಳು’ ಎಂದು ಹಿರಿಯರು ಓಣಿಯೆಲ್ಲಾ ಸಾರಬಹುದು. ಹಗಲಿರುಳು ಸೇವೆ ಮಾಡುವವಳ ಮೇಲೆಯೇ ಸಾಮಾನ್ಯವಾಗಿ ಈ ಆರೋಪ ಬರುತ್ತದೆ. ಅವಳೇ ಸದಾ ಕಣ್ಣೆದುರಿಗಿರುವವಳಲ್ಲವೇ? ಇದು ಕಾಯಿಲೆಯ ಮಾತೆಂದು ಗಂಡನೂ ನಾದಿನಿಯರೂ ಅವಳಿಗೆ ಬಾಯಿಬಿಟ್ಟು ಹೇಳಬೇಕು. ವಾರಕ್ಕೊಂದು ದಿನವಾದರೂ ಅವಳ ಕೆಲಸವನ್ನು ಬೇರೊಬ್ಬರು ವಹಿಸಿಕೊಳ್ಳಬೇಕು. ಮನಸ್ಸು ಕುಗ್ಗಿದಾಗ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆಮಾಡಬಹುದು. 2022ರಲ್ಲಿ ಆರಂಭವಾದ ಈ ಸೇವೆಯ ಭಾಷೆಗಳಲ್ಲಿ ಕನ್ನಡ, ತೆಲುಗುಗಳೆರಡೂ ಸೇರಿವೆ. ಹಿರಿಯ ನಾಗರಿಕರಿಗಾಗಿಯೇ ಇರುವ ಸಹಾಯವಾಣಿ 14567.

ಆರೈಕೆ ಮಾಡುವವಳು ಹಾಸಿಗೆ ಹಿಡಿದರೆ ಹಿರಿಯರನ್ನು ನೋಡುವವರಾರು? ಈ ಪ್ರಶ್ನೆಯನ್ನು ಮನೆಯವರೆಲ್ಲರೂ ಕುಳಿತು ಈಗಲೇ ಮಾತನಾಡಿಕೊಳ್ಳುವುದು ಲೇಸು.