ಗಣಿತಕ್ಕೆ ಭಾಷೆ ಬೇಡವೇ?



"ಗಣಿತಕ್ಕೆ ಭಾಷೆ ಎಲ್ಲಿದೆ? ಅಂಕಿಗಳು ಎಲ್ಲರಿಗೂ ಒಂದೇ ಅಲ್ಲವೇ?" ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ಮಾಧ್ಯಮದ ತರಗತಿಗೆ ಕಳುಹಿಸುವಾಗ ಹೇಳುವ ಸಮಾಧಾನವಿದು. ಇದಕ್ಕೆ ನಮ್ಮ ತಂದೆತಾಯಿಗಳೇ ತಲೆದೂಗುವುದನ್ನು ಕಂಡಾಗ, ಇಪ್ಪತ್ತು ವರ್ಷ ಗಣಿತ ಕಲಿಸಿದ ನನಗೆ ಸುಮ್ಮನಿರಲು ಆಗುವುದಿಲ್ಲ.

ಒಂದೇ ಒಂದು ಪ್ರಮೇಯ ನೋಡಿ. ಯೂಕ್ಲಿಡ್ ತನ್ನ ರೇಖಾಗಣಿತದ ಮೂರನೆಯ ಪುಸ್ತಕದಲ್ಲಿ 35ನೆಯದಾಗಿ ಇಟ್ಟದ್ದು. ವೃತ್ತದೊಳಗೆ ಎರಡು ಜ್ಯಾಗಳು ಛೇದಿಸಿದರೆ, ಒಂದರ ಎರಡು ತುಂಡುಗಳ ಗುಣಲಬ್ಧ ಇನ್ನೊಂದರ ಎರಡು ತುಂಡುಗಳ ಗುಣಲಬ್ಧಕ್ಕೆ ಸಮ. ಒಂದರ ತುಂಡುಗಳು 3 ಮತ್ತು 8 ಸೆಂ.ಮೀ., ಇನ್ನೊಂದರ ಒಂದು ತುಂಡು 4 ಸೆಂ.ಮೀ. ಆದರೆ ಉಳಿದದ್ದು 6. ಇಷ್ಟಕ್ಕೆ ಭಾಷೆ ಬೇಡ, ಒಪ್ಪಿದೆ. ಅಧ್ಯಾಪಕರು ಕೈಸನ್ನೆ ಮಾಡಿದರೂ ಮಗು ಲೆಕ್ಕ ಮಾಡೀತು, ಅಂಕವೂ ಬಂದೀತು.

"ಯಾಕೆ ಸಮ?" ಎಂದು ಕೇಳಿ ನೋಡಿ. ಎಬಿ, ಸಿಡಿ ಜ್ಯಾಗಳು ಪಿ ಎಂಬಲ್ಲಿ ಛೇದಿಸಲಿ. ಎಸಿ, ಬಿಡಿ ಸೇರಿಸಿ. ಎ ಮತ್ತು ಡಿ ಬಳಿಯ ಕೋನಗಳು ಸಮ, ಏಕೆಂದರೆ ಅವು ಒಂದೇ ವೃತ್ತಖಂಡದವು. ಪಿ ಬಳಿಯ ಎದುರುಬದುರು ಕೋನಗಳೂ ಸಮ. ಆದ್ದರಿಂದ ಎರಡು ತ್ರಿಭುಜಗಳು ಸಮರೂಪ. ಸಮರೂಪವಾದ್ದರಿಂದ ಬಾಹುಗಳ ಅನುಪಾತ ಸಮ. ಅಡ್ಡ ಗುಣಿಸಿದರೆ ಪ್ರಮೇಯ ಸಿದ್ಧ. ಇಲ್ಲಿ ಅಂಕಿ ಒಂದಾದರೂ ಇದೆಯೇ? ಇರುವುದೆಲ್ಲ ಏಕೆಂದರೆ, ಆದ್ದರಿಂದ, ಆದರೆ. ಈ ಮೂರು ಮಾತು ಅರ್ಥವಾಗದ ಭಾಷೆಯಲ್ಲಿ ಬಂದರೆ ಮಗು ಮಾಡುವುದೇನು? ಉರುಹೊಡೆಯುತ್ತದೆ. ಆಮೇಲೆ ನಾವೇ "ನಮ್ಮ ಮಗುವಿಗೆ ಗಣಿತ ತಲೆಗೆ ಹತ್ತುವುದಿಲ್ಲ" ಎಂದು ಷರಾ ಬರೆಯುತ್ತೇವೆ.

ಕನ್ನಡದ ಪಾರಿಭಾಷಿಕ ಶಬ್ದ ಕಬ್ಬಿಣದ ಕಡಲೆ ಎನ್ನುವವರೂ ಇದ್ದಾರೆ. ಜ್ಯಾ ಎಂದರೆ ಬಿಲ್ಲಿನ ಹೆದೆ. ವೃತ್ತದ ಕಂಸವೇ ಬಿಲ್ಲು. ತುದಿಗಳನ್ನು ಜೋಡಿಸುವ ಗೆರೆಯೇ ಹೆದೆ. ನೆರೆಯವರೂ ಹಾಗೆಯೇ ಹೇಳುತ್ತಾರೆ: ಮಲಯಾಳದಲ್ಲಿ ಞಾಣ್, ತಮಿಳಿನಲ್ಲಿ ನಾಣ್, ಮರಾಠಿಯಲ್ಲಿ ಜೀವಾ, ತೆಲುಗಿನಲ್ಲಿ ನಮ್ಮದೇ ಜ್ಯಾ. ಅವರ ಮಕ್ಕಳಿಗೆ ಅವರ ಮಾತಿನಲ್ಲಿ ಸಿಗುವ ಹೆದೆ ನಮ್ಮ ಮಕ್ಕಳಿಗೆ ಮಾತ್ರ ಯಾಕೆ ಸಿಗಬಾರದು? ಕ್ರಿ.ಶ. 499ರಲ್ಲಿ ರಚಿತವಾದ ಆರ್ಯಭಟೀಯದಲ್ಲಿ ಇದೇ ಪ್ರಮೇಯದ ಒಂದು ವಿಶೇಷ ರೂಪವಿದೆ: ಎರಡು ಶರಗಳ ಗುಣಲಬ್ಧ ಅರ್ಧಜ್ಯಾದ ವರ್ಗಕ್ಕೆ ಸಮ. ಬಿಲ್ಲು, ಹೆದೆ, ಬಾಣ ಎಲ್ಲವೂ ಅಲ್ಲಿವೆ. ಇನ್ನು ಕನ್ನಡದಲ್ಲೇ ಗಣಿತ ಗ್ರಂಥ ಬರೆದ ರಾಜಾದಿತ್ಯ 12ನೆಯ ಶತಮಾನದವನು. ಆಗ ಸಾಲಿದ ಕನ್ನಡ ಈಗ ಸಾಲದಾಯಿತೇ?

ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸೌಕರ್ಯ ಕೊಡಿ ಎನ್ನುತ್ತದೆ. ಪ್ರಮೇಯ ಬರುವುದು ಪ್ರೌಢಶಾಲೆಯಲ್ಲಿ, ಅಲ್ಲಿಗೆ ಆ ವಿಧಿ ಕೈಬಿಡುತ್ತದೆ. ಕೈಹಿಡಿಯಬೇಕಾದವರು ನೀವು. ಮುಂದಿನ ರಕ್ಷಕ-ಶಿಕ್ಷಕ ಸಭೆಗೆ ಒಂದು ಕೈವಾರ ತನ್ನಿ. ವೃತ್ತ ಬರೆದು, ಎರಡು ಹೆದೆ ಎಳೆದು, "ಇದು ಯಾಕೆ ಸಮ, ನನ್ನ ಮಗುವಿಗೆ ಕನ್ನಡದಲ್ಲಿ ಹೇಳಿ" ಎಂದು ಕೇಳಿ. ಉತ್ತರ ಬಾರದಿದ್ದರೆ ಅದನ್ನೇ ಸಭೆಯ ನಡಾವಳಿಯಲ್ಲಿ ಬರೆಸಿ, ಸಹಿ ಹಾಕಿ, ಪ್ರತಿ ಇಟ್ಟುಕೊಳ್ಳಿ.