ಸಹಿ ಕಲಿತ ಮೇಲೆ

ಅಂಗನವಾಡಿ ಸಹಾಯಕಿಯ ಹುದ್ದೆ ದೊಡ್ಡ ಹುದ್ದೆಯೇನೂ ಅಲ್ಲ. ಕೋಣೆ ಗುಡಿಸುವುದು, ಮಕ್ಕಳನ್ನು ಮನೆಯಿಂದ ಕರೆತರುವುದು, ಅಡಿಗೆ ಮಾಡಿ ಬಡಿಸುವುದು, ಇವು ಅದರ ಮುಖ್ಯ ಕರ್ತವ್ಯಗಳು. ಹಿಂದೆ ಹತ್ತನೆಯ ತರಗತಿಯನ್ನು ಮುಟ್ಟದ ಹೆಣ್ಣುಮಕ್ಕಳೂ ಇದಕ್ಕೆ ಅರ್ಜಿ ಹಾಕಬಹುದಾಗಿತ್ತು. ಈಚಿನ ವರ್ಷಗಳ ನಿಯಮದಂತೆ ನಮ್ಮ ರಾಜ್ಯದಲ್ಲಿ ಸಹಾಯಕಿಗೆ ಎಸ್.ಎಸ್.ಎಲ್.ಸಿ.ಯೂ, ಕಾರ್ಯಕರ್ತೆಗೆ ಪಿ.ಯು.ಸಿ.ಯೂ ಆಗಿರತಕ್ಕದ್ದು. ಸಾಮಾನ್ಯ ವಯೋಮಿತಿ 35. ಮಕ್ಕಳ ಕೈಹಿಡಿದು ಅಕ್ಷರದ ಹೊಸ್ತಿಲು ದಾಟಿಸುವವರು ತಾವೂ ಓದಿದವರಾಗಿರಲಿ ಎಂಬ ಅಪೇಕ್ಷೆಯಲ್ಲಿ ತಪ್ಪಿಲ್ಲ. ಆದರೆ ಏಳನೆಯ ತರಗತಿಗೆ ಶಾಲೆ ಬಿಟ್ಟು, ಮದುವೆಯಾಗಿ, ಎರಡು ಮಕ್ಕಳನ್ನು ಹೆತ್ತು, ಮೂವತ್ತು ದಾಟಿದ ಹೆಣ್ಣುಮಗಳಿಗೆ ತನ್ನ ಓಣಿಯಲ್ಲೇ ಇದ್ದ ಈ ಒಂದು ಸರಕಾರಿ ಕೆಲಸವೂ ಈಗ ಎಟುಕದಾಯಿತು. ಆಕೆ ಓದಿ ಪಾಸಾಗಲಿ ಎನ್ನುವುದು ಸುಲಭ. ಎಲ್ಲಿ ಓದಬೇಕು? ಯಾರು ಕಲಿಸಬೇಕು? ಈ ಪ್ರಶ್ನೆಗಳಿಗೆ ನಿಯಮ ಮಾಡಿದವರಲ್ಲಿ ಉತ್ತರವಿದ್ದಂತೆ ಕಾಣುವುದಿಲ್ಲ.

ಹತ್ತನೆಯ ತರಗತಿಯ ಕಾಗದಕ್ಕೆ ನಮ್ಮ ಸೀಮೆಯಲ್ಲಿರುವ ಬೆಲೆಯನ್ನು ದಕ್ಷಿಣದ ಜಿಲ್ಲೆಗಳ ವಾಚಕರು ಪ್ರಾಯಶಃ ಪೂರ್ತಿಯಾಗಿ ಊಹಿಸಲಾರರು. ಸಂವಿಧಾನದ 371(ಜೆ) ವಿಧಿಯ ಮೇರೆಗೆ ಕಲ್ಯಾಣ ಕರ್ನಾಟಕದ ಸ್ಥಳೀಯ ಹುದ್ದೆಗಳಲ್ಲಿ ‘ಸಿ’ ದರ್ಜೆಯ ಶೇ. 80, ‘ಡಿ’ ದರ್ಜೆಯ ಶೇ. 85 ಭಾಗವು ಇಲ್ಲಿಯವರಿಗೇ ಮೀಸಲು. ಬಹುಕಾಲದ ಹೋರಾಟದಿಂದ ಬಂದ ಸೌಲಭ್ಯವಿದು. ಆದರೆ ಮೀಸಲಾತಿಯ ಎಲೆ ಹಾಸಿದ್ದರೂ ಪಂಕ್ತಿಯಲ್ಲಿ ಕೂಡಲು ಅಂಕಪಟ್ಟಿ ಬೇಕು. ಇನ್ನು ಕೊಲ್ಲಿ ದೇಶಗಳಿಗೆ ದುಡಿಯಲು ಹೋಗುವವರ ಪ್ರಸಂಗ ನೋಡಿ. ಮೆಟ್ರಿಕ್ ಆಗದವನ ಪಾಸ್‌ಪೋರ್ಟು ಸಾಮಾನ್ಯವಾಗಿ ‘ವಲಸೆ ತಪಾಸಣೆ ಅಗತ್ಯ’ ಎಂಬ ವರ್ಗಕ್ಕೆ ಸೇರುತ್ತದೆ. 1983ರ ವಲಸೆ ಕಾಯಿದೆಯ ಈ ಏರ್ಪಾಡು ದಲ್ಲಾಳಿಗಳ ಮೋಸದಿಂದ ಬಡವನನ್ನು ಕಾಯಲೆಂದೇ ಇದೆ, ಸರಿ. ಆದರೂ ಓದಿದವನು ನೇರವಾಗಿ ವಿಮಾನ ಹತ್ತುವಲ್ಲಿ ಓದದವನು ಮತ್ತೊಂದು ಕಚೇರಿಯ ಅನುಮತಿಗಾಗಿ ಕಾಯಬೇಕು.

ಹಾಗಾದರೆ ವಯಸ್ಕರ ಶಿಕ್ಷಣಕ್ಕೆ ಸರಕಾರ ಏನನ್ನೂ ಮಾಡಿಲ್ಲವೆ? ಮಾಡಿದೆ, ಆದರೆ ಮೆಟ್ಟಿಲಿನ ಎರಡು ತುದಿಗಳಲ್ಲಿ ಮಾತ್ರ. ಕೆಳತುದಿಯಲ್ಲಿ ಸಾಕ್ಷರತೆ. 1988ರಲ್ಲಿ ಆರಂಭವಾದ ರಾಷ್ಟ್ರೀಯ ಸಾಕ್ಷರತಾ ಮಿಷನ್, 2009ರಿಂದ 2018ರ ವರೆಗೆ ನಡೆದ ‘ಸಾಕ್ಷರ ಭಾರತ’, 2022ರಲ್ಲಿ ಐದು ವರ್ಷಗಳ ಅವಧಿಗೆ ಮಂಜೂರಾದ ‘ಉಲ್ಲಾಸ್’, ಇವೆಲ್ಲ ಆ ಸಾಲಿನವು. ‘ಉಲ್ಲಾಸ್’ ಯೋಜನೆಗೆ ಗೊತ್ತುಪಡಿಸಿದ ಮೊತ್ತ 1037.90 ಕೋಟಿ ರೂಪಾಯಿ. ಗುರಿ ಐದು ಕೋಟಿ ಅನಕ್ಷರಸ್ಥರು. ಅದರ ಐದು ಅಂಗಗಳಲ್ಲಿ ‘ಮೂಲಶಿಕ್ಷಣ’ ಎಂಬುದೂ ಒಂದು. ಪ್ರೌಢಶಾಲೆಗೆ ಸಮಾನವಾದ ವ್ಯಾಸಂಗವೂ ಅದರಲ್ಲಿ ಸೇರಿದೆ. ಕಾಗದದಲ್ಲಿ ಎಲ್ಲವೂ ಇದೆ ಎಂದಾಯಿತು. ಆದರೆ ಸಂಖ್ಯೆಯ ಗುರಿ ಇಟ್ಟಿರುವುದು ಅಕ್ಷರ ಮತ್ತು ಲೆಕ್ಕದ ಮೊದಲ ಮೆಟ್ಟಿಲಿಗೆ. ಕಲಿಸುವವರು ಸಂಬಳವಿಲ್ಲದ ಸ್ವಯಂಸೇವಕರು. ಸ್ವಯಂಸೇವಕರ ಉತ್ಸಾಹದಿಂದ ಒಬ್ಬರಿಗೆ ವರ್ಣಮಾಲೆ ಕಲಿಸಬಹುದು. ಬೀಜಗಣಿತ ಕಲಿಸಲು ಉತ್ಸಾಹವೊಂದೇ ಸಾಲದು.

ಮೇಲ್ತುದಿಯಲ್ಲಿ ಇರುವುದು ಪರೀಕ್ಷೆ. 1989ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ (ಇಂದು ಅದು ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ) 14 ವರ್ಷ ತುಂಬಿದ ಯಾರಾದರೂ ಹತ್ತನೆಯ ತರಗತಿಗೆ ಹೆಸರು ನೋಂದಾಯಿಸಬಹುದು. ಮೇಲಿನ ವಯಸ್ಸಿಗೆ ಮಿತಿಯಿಲ್ಲ. ಐದು ವಿಷಯಗಳನ್ನು ಐದು ವರ್ಷಗಳೊಳಗೆ, ಒಂಬತ್ತು ಅವಕಾಶಗಳಲ್ಲಿ, ಒಂದೊಂದಾಗಿ ಮುಗಿಸುವ ಅನುಕೂಲವಿದೆ. ಸಂಸಾರಿಗಳಿಗೆ ಇದಕ್ಕಿಂತ ಉದಾರವಾದ ನಿಯಮ ಬೇಕಿಲ್ಲ. ನಮ್ಮ ರಾಜ್ಯದ ಪರೀಕ್ಷಾ ಮಂಡಲಿಯೂ ಖಾಸಗಿ ಅಭ್ಯರ್ಥಿಗಳಿಗೆ ಅವಕಾಶ ಕೊಟ್ಟಿದೆ; 2024ರಿಂದ ವರ್ಷಕ್ಕೆ ಮೂರು ಪರೀಕ್ಷೆಗಳ ಪದ್ಧತಿಯೂ ಬಂದಿತು. ಪರೀಕ್ಷೆಗಳಿಗೆ ಬರವಿಲ್ಲ. ಕೆಳಗಿನ ಮೆಟ್ಟಿಲಿಗೂ ಮೇಲಿನ ಮೆಟ್ಟಿಲಿಗೂ ನಡುವೆ, ಸಂಜೆ ದೀಪ ಹಚ್ಚಿ ಕುಳಿತು ಕಲಿಯುವ ತರಗತಿಯೇ ಇಲ್ಲವೆಂಬುದು ಕೊರತೆ. ಶುಲ್ಕ ತೆತ್ತು, ಪುಸ್ತಕ ತರಿಸಿಕೊಂಡು, ಒಬ್ಬಳೇ ಕುಳಿತು ಗಣಿತ, ವಿಜ್ಞಾನ, ಇಂಗ್ಲಿಷುಗಳನ್ನು ಓದಿ ಪಾಸಾಗಬಲ್ಲವಳು ಮೊದಲೇ ಶಾಲೆ ಬಿಡುತ್ತಿರಲಿಲ್ಲ.

ಇದು ಎಲ್ಲಿಯೂ ಆಗದ ಕೆಲಸವೇನಲ್ಲ. ಕೇರಳದಲ್ಲಿ ರಾಜ್ಯ ಸಾಕ್ಷರತಾ ಮಿಷನ್ ಪ್ರಾಧಿಕಾರವು ನಾಲ್ಕು, ಏಳು, ಹತ್ತನೆಯ ತರಗತಿ ಹಾಗೂ ಹೈಯರ್ ಸೆಕೆಂಡರಿಗಳಿಗೆ ತತ್ಸಮಾನ ಶಿಕ್ಷಣವನ್ನು ನಡೆಸುತ್ತದೆ. ಏಳನೆಯ ತರಗತಿ ಪಾಸಾಗಿ 17 ವರ್ಷ ತುಂಬಿದವರು ಹತ್ತನೆಯ ತರಗತಿಗೆ ಸೇರಬಹುದು. ಭಾನುವಾರ ಮತ್ತು ರಜಾದಿನಗಳಲ್ಲಿ ಊರಿನ ಶಾಲೆಯಲ್ಲೇ ಪಾಠ; ಊರೂರಿಗೆ ‘ಪ್ರೇರಕ’ರು. 2018ರಲ್ಲಿ 96ರ ವಯಸ್ಸಿನ ಕಾರ್ತ್ಯಾಯಿನಿ ಅಮ್ಮ ಆ ಮಿಷನ್ನಿನ ಸಾಕ್ಷರತಾ ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆಯಾದುದನ್ನು ಪತ್ರಿಕೆಗಳು ಕೊಂಡಾಡಿದವು. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಬೇರೊಂದು ಸಂಗತಿ: ಅಲ್ಲಿಯ ಹತ್ತನೆಯ ತರಗತಿಯನ್ನು ಮಲಯಾಳದಲ್ಲಿ ಮಾತ್ರವಲ್ಲದೆ ತಮಿಳಿನಲ್ಲಿಯೂ ಕನ್ನಡದಲ್ಲಿಯೂ ಓದಬಹುದು. ಅಂದರೆ ಕಾಸರಗೋಡಿನ ಕನ್ನಡತಿಗೆ ಕೇರಳ ಸರಕಾರ ಕನ್ನಡದಲ್ಲಿ ಒದಗಿಸಿರುವ ಅನುಕೂಲಕ್ಕಾಗಿ ಕರ್ನಾಟಕದ ಔರಾದಿನ ಹೆಣ್ಣುಮಗಳು ಇನ್ನೂ ಕಾಯುತ್ತಿದ್ದಾಳೆ.

ಔರಾದಿನ ಹೆಸರು ಸುಮ್ಮನೆ ಎತ್ತಿದ್ದಲ್ಲ. 2011ರ ಜನಗಣತಿಯಂತೆ ಬೀದರ ಜಿಲ್ಲೆಯ ಸಾಕ್ಷರತೆ ಸುಮಾರು ಶೇ. 70, ಹೆಂಗಸರದು ಅದಕ್ಕಿಂತ ಬಹಳ ಕಡಿಮೆ. ಔರಾದಿನ ತಾಂಡಾಗಳಿಂದ ಕಬ್ಬು ಕಡಿಯಲು, ಹೈದರಾಬಾದು ಪುಣೆಗಳಲ್ಲಿ ಕಟ್ಟಡ ಕಟ್ಟಲು ಗುಳೆ ಹೋಗುವ ಸಂಸಾರಗಳಲ್ಲಿ ಮಕ್ಕಳ ಶಾಲೆ ನಡುವರ್ಷದಲ್ಲೇ ತಪ್ಪುತ್ತದೆ. ಅಲ್ಲಿ ಮನೆಯ ಮಾತು ಮರಾಠಿಯೋ ಲಂಬಾಣಿಯೋ ಆಗಿದ್ದು, ಶಾಲೆಯ ಮಾತು ಇನ್ನೊಂದಾಗಿರುವುದುಂಟು. ಮಾತಿನ ಈ ತೊಡಕು ಇಲ್ಲಿ ಹೊಸದಲ್ಲ. 1948ರ ವರೆಗೆ ಈ ನಾಡು ನಿಜಾಮರ ಆಳ್ವಿಕೆಯಲ್ಲಿತ್ತು. ಓದು ಉರ್ದುವಿನಲ್ಲಿ ನಡೆಯಬೇಕಾಗಿತ್ತು. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗಿಸಿ ಒಳಗೆ ಕನ್ನಡ ಕಲಿಸಿದ ಕಥೆಯನ್ನು ಇಲ್ಲಿಯ ಹಿರಿಯರು ಇಂದಿಗೂ ಹೇಳುತ್ತಾರೆ. ಅತ್ತ ಹಳೆಯ ಮೈಸೂರಿನಲ್ಲಿ ಅದೇ ದಶಕದಲ್ಲಿ ವಯಸ್ಕರ ಶಿಕ್ಷಣ ಸಮಿತಿ ಕೆಲಸ ಮಾಡುತ್ತಿತ್ತು. 1947ರಲ್ಲಿ ನಂಜನಗೂಡಿನಲ್ಲಿ ರೈತ ಯುವಕರಿಗಾಗಿ ವಿದ್ಯಾಪೀಠ ತೆರೆಯಿತು. 1956ರಲ್ಲಿ ಎರಡೂ ನಾಡುಗಳು ಒಂದೇ ರಾಜ್ಯದಲ್ಲಿ ಕೂಡಿದವಾದರೂ ಹೊರಟ ಜಾಗ ಒಂದೇ ಆಗಿರಲಿಲ್ಲವೆಂಬುದನ್ನು ಫಲಿತಾಂಶದ ಪಟ್ಟಿ ಓದುವವರು ಮರೆಯುತ್ತಾರೆ.

ಕಲಿಯುವ ಶಕ್ತಿ ಇವರಿಗೆ ಇಲ್ಲವೆಂದು ಯಾರೂ ಹೇಳದಿರಲಿ. ಸ್ವಸಹಾಯ ಸಂಘಗಳಿಗೆ ಸಾಲ ಕೊಡುವುದರಲ್ಲಿ ಬೀದರದ ಡಿ.ಸಿ.ಸಿ. ಬ್ಯಾಂಕು ಜಿಲ್ಲೆಯ ಹೊರಗೂ ಹೆಸರು ಪಡೆದಿದೆ. ಆ ಸಂಘಗಳಲ್ಲಿ ಯಾರ ಕಂತು ತಪ್ಪಿತು, ನೂರಕ್ಕೆ ಬಡ್ಡಿ ಎಷ್ಟು, ಎಷ್ಟು ತಿಂಗಳಿಗೆ ಸಾಲ ತೀರಿತು ಎಂಬುದನ್ನು ಬಾಯಿಲೆಕ್ಕದಲ್ಲಿ ಹೇಳುವ ಹೆಂಗಸರಿದ್ದಾರೆ. ಪಠ್ಯಪುಸ್ತಕ ‘ಸರಳ ಬಡ್ಡಿ’ ಎಂದು ಕರೆಯುವ ಅಧ್ಯಾಯವನ್ನು ಅವರು ಹೆಸರು ತಿಳಿಯದೆ ಮುಗಿಸಿಬಿಟ್ಟಿದ್ದಾರೆ. ಬಿದರಿ ಕುಶಲಕರ್ಮಿಯ ಮಾತೂ ಅಷ್ಟೇ. ಸತುವಿನಲ್ಲಿ ತಾಮ್ರ ಎಷ್ಟು ಬೆರೆಯಬೇಕು, ಕೋಟೆಯ ಮಣ್ಣಿನಲ್ಲಿ ಯಾವುದು ಕಪ್ಪು ಹಿಡಿಸುತ್ತದೆ ಎಂದು ಬಲ್ಲವನಿಗೆ ರಸಾಯನಶಾಸ್ತ್ರದ ಮೊದಲ ಪಾಠವನ್ನು ಅಲ್ಲಿಂದಲೇ ಆರಂಭಿಸಬಹುದು. ಹದಿನೈದರ ಹುಡುಗರಿಗೆ ಬರೆದ ಪಾಠವನ್ನೇ ಮೂವತ್ತರ ತಾಯಿಯ ಮುಂದೆ ಇಡುವುದು ಆಕೆಗೆ ಮಾಡುವ ಅವಮಾನವೆಂದು, ಕನ್ನಡ ಕಲಿಸುವ ನನಗೆ ತೋರುತ್ತದೆ. ಪಹಣಿ, ಬ್ಯಾಂಕಿನ ಚೀಟಿ, ಔಷಧದ ಚೀಟಿ, ಪಂಚಾಯತಿಯ ನೋಟೀಸು: ಇವುಗಳ ಕನ್ನಡದಿಂದ ಹೊರಟು ಕಾವ್ಯದ ಕನ್ನಡಕ್ಕೆ ತಲುಪುವ ಪಾಠಪುಸ್ತಕವೊಂದನ್ನು ವಯಸ್ಕರಿಗೆಂದೇ ಬರೆಯಿಸಲು ನಮ್ಮಲ್ಲಿ ವಿದ್ವಾಂಸರ ಕೊರತೆಯಿಲ್ಲ.

ಕೆಲಸಕ್ಕೆ ಬೇಕಿಲ್ಲದ ಅರ್ಹತೆಯನ್ನು ತೆಗೆದೇ ಹಾಕಿ ಎಂದು ವಾದಿಸುವವರೂ ಇದ್ದಾರೆ. ಆ ಮಾತಿಗೂ ಆಧಾರವಿದೆ. ಸಾರಿಗೆ ವಾಹನದ ಚಾಲಕನು ಎಂಟನೆಯ ತರಗತಿ ಪಾಸಾಗಿರಬೇಕೆಂಬ ನಿಯಮವನ್ನು ಕೇಂದ್ರ ಸರಕಾರ 2019ರಲ್ಲಿ ರದ್ದುಮಾಡಿತು. ಲಾರಿಯ ಚಕ್ರಕ್ಕೆ ಅಂಕಪಟ್ಟಿ ಬೇಡವೆಂದು ಕೊನೆಗಾದರೂ ಒಪ್ಪಿದರು. ಅಂಗನವಾಡಿಯ ವಿಷಯದಲ್ಲಿ ಹಾಗೆ ಹೇಳಲು ನಾನು ಸಿದ್ಧನಿಲ್ಲ; ಓದಿದ ಸಹಾಯಕಿ ಮಕ್ಕಳಿಗೆ ಒಳ್ಳೆಯದೇ. ಆದರೆ ಅರ್ಹತೆಯನ್ನು ಏರಿಸುವ ಸರಕಾರವೇ ಆ ಅರ್ಹತೆಯನ್ನು ಗಳಿಸುವ ತರಗತಿಯನ್ನೂ ತೆರೆಯಬೇಕಾದದ್ದು ನ್ಯಾಯ.

ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ. ಬೀದರ, ಭಾಲ್ಕಿ, ಔರಾದ ತಾಲೂಕುಗಳ ಪ್ರೌಢಶಾಲೆಗಳು ಭಾನುವಾರ ಬೀಗ ಹಾಕಿಯೇ ಇರುತ್ತವೆ. ಬೇಕಾದುದು ಗಣಿತಕ್ಕೂ ಇಂಗ್ಲಿಷಿಗೂ ಗೌರವಧನ ಪಡೆಯುವ ಉಪಾಧ್ಯಾಯರು, ಪರೀಕ್ಷಾ ಶುಲ್ಕಕ್ಕೆ ಸರಕಾರದ ಹೊಣೆ, ಮತ್ತು ಹೆಣ್ಣುಮಕ್ಕಳು ನಡೆದು ಹೋಗಬಹುದಾದ ದೂರದಲ್ಲಿ ತರಗತಿ. ಜಿಲ್ಲಾ ಕೇಂದ್ರದಲ್ಲಿ ಒಂದನ್ನು ತೆರೆದು ಫಲಕ ಹಾಕಿದರೆ ಉಪಯೋಗವಿಲ್ಲ. ಕಮಠಾಣದಿಂದ ಬೀದರಕ್ಕೆ ಬಸ್ಸಿದೆ. ಆದರೆ ಸಂಜೆ ಪಾಠ ಮುಗಿಸಿ ಬಸ್ಸಿಗೆ ಕಾಯುವ ಸೊಸೆಯನ್ನು ಎಷ್ಟು ಮನೆಗಳು ಎರಡನೆಯ ವಾರವೂ ಕಳುಹಿಸಿಯಾವು?