ಕಲ್ಲುಕಂಬಕ್ಕಿಂತ ಕವಳೆ ಬೇಲಿ ಮೇಲು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯಲ್ಲಿ ಬೋರ್‌ವೆಲ್‌ನಲ್ಲಿ ನೀರು ಕಂಡ ಮರುದಿನವೇ ತೋಟದವರು ಕಲ್ಲುಕಂಬ, ಮುಳ್ಳುತಂತಿಯ ಲೆಕ್ಕ ಹಾಕುತ್ತಾರೆ. ಬದುವಿನ ಮೇಲೆ ಹಬ್ಬಿದ್ದ ಕವಳೆ, ಕಾರೆ, ಕತ್ತಾಳೆಯನ್ನು ಜೆಸಿಬಿ ಒಂದೇ ಬೆಳಗ್ಗೆ ಕಿತ್ತು ರಾಶಿ ಹಾಕುತ್ತದೆ. ಬೇಲಿ ಹಾಕಲು ಬೇಲಿಯನ್ನೇ ಕೀಳುವುದು ದಂಡದ ಕೆಲಸ.

ಕವಳೆ ಈ ನೆಲದ್ದೇ ಗಿಡ. ಬೇಸಿಗೆಯಲ್ಲೂ ಹಸಿರು. ಎಲೆ ಚಿವುಟಿದರೆ ಬಿಳಿ ಹಾಲು, ಗೆಣ್ಣಿನಲ್ಲಿ ಜೋಡಿ ಮುಳ್ಳು. ದನ ಮೂತಿ ಹಾಕಲು ಹಿಂಜರಿಯುತ್ತದೆ. ಮಲ್ಲಿಗೆಯಂಥ ಹೂವಿಗೆ ಜೇನು ಬರುತ್ತದೆ, ಕಾಯಿ ಉಪ್ಪಿನಕಾಯಿಗೆ ಒದಗುತ್ತದೆ. ತಂತಿ ತುಕ್ಕು ಹಿಡಿಯುತ್ತದೆ. ಕವಳೆಯನ್ನು ಸವರಿದಷ್ಟೂ ಬುಡ ದಟ್ಟವಾಗುತ್ತದೆ.

ಇದರ ಬಲ ಬ್ರಿಟಿಷರಿಗೂ ಗೊತ್ತಿತ್ತು. ಉಪ್ಪಿನ ಕಳ್ಳಸಾಗಣೆ ತಡೆಯಲು ಉತ್ತರ ಭಾರತದ ಉದ್ದಕ್ಕೂ ಅವರು ಬೆಳೆಸಿದ ಸುಂಕದ ಬೇಲಿಯಲ್ಲಿ ಜಾಲಿ, ಬೋರೆ, ಕಳ್ಳಿಯ ಜೊತೆ ಕವಳೆಯೂ ಇತ್ತು. ಅದನ್ನು ಬೆಳೆಸುವಲ್ಲಿ ಮುಂದಿದ್ದ ಅಧಿಕಾರಿ ಎ.ಒ. ಹ್ಯೂಮ್, ಮುಂದೆ 1885ರಲ್ಲಿ ಕಾಂಗ್ರೆಸ್ ಕಟ್ಟಿದವರಲ್ಲಿ ಒಬ್ಬರು. ಆ ಸುಂಕದ ಗಡಿ 1879ರಲ್ಲಿ ರದ್ದಾಯಿತು.

ಹಾಗೆಂದು ಮುಳ್ಳಿದ್ದದ್ದೆಲ್ಲ ಬೇಲಿಗೆ ಆಗದು. ಹೊರನಾಡಿನಿಂದ ಬಂದ ಪಾಪಾಸುಕಳ್ಳಿ ದಕ್ಷಿಣ ಭಾರತದ ಬಯಲುಗಳನ್ನೇ ನುಂಗಿತ್ತು. 1920ರ ದಶಕದಲ್ಲಿ ಶ್ರೀಲಂಕಾದಿಂದ ಕೀಟ ತಂದು ಬಿಟ್ಟ ಮೇಲಷ್ಟೇ ಹತೋಟಿಗೆ ಬಂತು. ಇಂದು ಅದೇ ಕಾಟ ಬಳ್ಳಾರಿ ಜಾಲಿಯದು. ಅದನ್ನು ಬದುವಿಗೆ ತರಲೇಬಾರದು.

ಕೃಷ್ಣಮೃಗಗಳಿರುವ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಸುತ್ತ, ತಂತಿಗಿಂತ ಕವಳೆ ಮೇಲು ಎಂಬ ಮಾತಿಗೆ ಇನ್ನಷ್ಟು ತೂಕವಿದೆ. ಮುಳ್ಳುತಂತಿ ಪ್ರಾಣಿಯ ಮೈ ಸೀಳುತ್ತದೆ. ತಂತಿಗೆ ನೇರವಾಗಿ ಕರೆಂಟ್ ಹರಿಸುವುದಂತೂ ಅಪರಾಧ, ಅದಕ್ಕೆ ಮನುಷ್ಯರೂ ಬಲಿಯಾಗುತ್ತಾರೆ. ಕವಳೆ ಚುಚ್ಚಿ ಎಚ್ಚರಿಸುತ್ತದೆ, ಕೊಲ್ಲುವುದಿಲ್ಲ. ಆದರೆ ಹೊಲದ ಅಂಚಿಗಷ್ಟೇ ಸಾಕು. ಜಿಂಕೆ ಮೇಯುವ ಬಯಲಿನಲ್ಲಿ ಯಾವ ಬೇಲಿಯೂ ಬೇಡ.

ತೊಡಕುಗಳಿವೆ. ಮೂರ್ನಾಲ್ಕು ವರ್ಷ ಕಾಯಬೇಕು, ಮೊದಲೆರಡು ಬೇಸಿಗೆ ನೀರು ಹೊಯ್ಯಬೇಕು. ಬುಡದಲ್ಲಿ ಸಂದು ಉಳಿದರೆ ಕಾಡುಹಂದಿ ನುಗ್ಗುತ್ತದೆ. ಆದ್ದರಿಂದ ಹೊರಗೆ ಅಗಳು ತೋಡಿ, ಆ ಮಣ್ಣಿನ ಬದುವಿನ ಮೇಲೆ ಎರಡು ಸಾಲು ನೆಡುವುದು ಒಳ್ಳೆಯದು. ಬೀಜವನ್ನು ಹಣ್ಣಿನ ಕಾಲದಲ್ಲೇ ಬಿತ್ತಬೇಕು, ಒಣಗಿಸಿ ಇಟ್ಟರೆ ಬೇಗ ಕೆಡುತ್ತದೆ.

ಅರಣ್ಯ ಮತ್ತು ತೋಟಗಾರಿಕೆ ಇಲಾಖೆಗಳು ಈ ನಾಲ್ಕೂ ತಾಲ್ಲೂಕುಗಳ ರೈತರಿಗಾಗಿ ಕವಳೆ ಸಸಿಯನ್ನು ಸಾವಿರಗಟ್ಟಲೆ ಬೆಳೆಸಿ ಕೊಡಲಿ. ಹಳೆಯ ಬೇಲಿ ಇನ್ನೂ ಉಳಿಸಿಕೊಂಡಿರುವ ರೈತರು ಜೆಸಿಬಿ ಕರೆಸುವ ಮುನ್ನ ಒಮ್ಮೆ ಬದುವಿನ ಸುತ್ತ ನಡೆದು ನೋಡಲಿ.